ಹೊಳೆ ದಾಟುವ ಯೋಜನೆ

ದ್ವೀಪಕ್ಕೆ ಹೋಗೋಣ ಎಂಬ ಮಾತು ಬಂದರೆ ಬೇರೆಯವರ ಮನೆಗಳಲ್ಲಿ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಂದೆಲ್ಲ ಹೆಸರುಗಳು ಹೊರಡುತ್ತವಂತೆ. ನಮ್ಮ ಮನೆಯ ಜಮಾಖರ್ಚಿಗೆ ಹೊಂದುವ ದ್ವೀಪ ಒಂದೇ, ಅದು ಕಡಲೇ ಇಲ್ಲದ ಸಾಗರ ತಾಲ್ಲೂಕಿನಲ್ಲಿದೆ. ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿ. ಅದರೊಳಗೆ ತುಮರಿ, ಬ್ಯಾಕೋಡು, ಸಿಗಂದೂರು. ಅಲ್ಲಿಗೆ ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ, ಈಜು ಬರಬೇಕೆಂದೂ ಇಲ್ಲ. ಚೌಡೇಶ್ವರಿಗೆ ಸಲ್ಲಬೇಕಾದ ಒಂದು ಹರಕೆ ಇದ್ದರಾಯಿತು. ಹರಕೆಗಳು ನಮ್ಮ ದೊಡ್ಡಮ್ಮನ ಬಳಿ ವರ್ಷವಿಡೀ ದಾಸ್ತಾನು ಇರುತ್ತವೆ.

ಭೂಗೋಳದ ಮೇಷ್ಟ್ರು ಇದನ್ನು ದ್ವೀಪವೆಂದು ಒಪ್ಪಲಿಕ್ಕಿಲ್ಲ. ಹಿಂಬದಿಯಲ್ಲಿ ಕಾಡು, ಗುಡ್ಡ, ನಿಟ್ಟೂರು, ನಾಗೋಡಿ, ಕೊಲ್ಲೂರು ಎಂದು ನೆಲ ಅಂಟಿಕೊಂಡೇ ಇದೆ. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ಈಚೆ ದಡದ ಸಾಗರದಲ್ಲಿದ್ದು, ನಡುವೆ 2 ಕಿಲೋಮೀಟರಿಗೂ ಮಿಕ್ಕಿ ನೀರು ಮಲಗಿದ್ದರೆ, ಆಚೆಯವರು ತಮ್ಮನ್ನು ದ್ವೀಪದವರು ಎಂದುಕೊಳ್ಳಲು ಮೇಷ್ಟ್ರ ಅಪ್ಪಣೆ ಬೇಕಾಗುವುದಿಲ್ಲ.

ಪ್ರವಾಸಕ್ಕಿಂತ ಪ್ರವಾಸದ ಯೋಜನೆಯೇ ರುಚಿ ಎನ್ನುವ ಪಂಥಕ್ಕೆ ಸೇರಿದವನು ನಾನು. ಯೋಜನೆಯಲ್ಲಿ ಟೈರು ಪಂಕ್ಚರ್ ಆಗುವುದಿಲ್ಲ, ಘಾಟಿಯ ತಿರುವಿನಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದಿಲ್ಲ, ಹೋಟೆಲಿನಲ್ಲಿ ಎಲ್ಲರಿಗೂ ಒಟ್ಟಿಗೇ ದೋಸೆ ಬರುತ್ತದೆ. ಅಕ್ಕನ ಗಂಡ, ನಮ್ಮ ಭಾವ, ಇನ್ನೊಂದು ಪಂಥದವರು. ಅವರಿಗೆ ಯೋಜನೆ ಎಂದರೆ ಎಕ್ಸೆಲ್ ಹಾಳೆ. ಬೆಳಗಿನ ಜಾವ 4.30ಕ್ಕೆ ಬೆಂಗಳೂರು ಬಿಡುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ 25 ನಿಮಿಷ, ಡೀಸೆಲ್ಲಿಗೆ 10 ನಿಮಿಷ. ಇಡ್ಲಿಗೆ 25 ನಿಮಿಷ ಧಾರಾಳವಾಯಿತು. ಅದಾದ ಮೇಲೆ ಅಕ್ಕ "ಇನ್ನೊಂದು ಅರ್ಧ ಕಾಫಿ ಹೇಳ್ರೀ" ಎನ್ನುತ್ತಾಳಲ್ಲ, ಅದಕ್ಕೆ ಹಾಳೆಯಲ್ಲಿ ಜಾಗವಿಲ್ಲ. ಹೀಗಾಗಿ ಭಾವನ ಹಾಳೆಯ ಪ್ರಕಾರ ನಾವು ಕಡೂರಿನಲ್ಲಿರುವಾಗ ದೇಹ ಮಾತ್ರ ತಿಪಟೂರಿನ ತೆಂಗಿನ ಸಾಲಿನಲ್ಲೇ ಇರುತ್ತದೆ.

ಈ ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆದ್ದಾರಿಯ ನಂಬರು ಮೊದಲು 206 ಇತ್ತು, ಈಗ 69 ಆಗಿದೆ. ಜನ ಎರಡನ್ನೂ ಬಾಯಿಪಾಠ ಮಾಡಲಿಲ್ಲ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆಯಾದ್ದರಿಂದ ಅವರಿಗೆ ಅದು ಬಿ.ಎಚ್. ರಸ್ತೆ. ತುಮಕೂರಿನ ಬಟ್ಟೆ ಅಂಗಡಿ ಬಿ.ಎಚ್. ರಸ್ತೆಯಲ್ಲಿದೆ, ತಿಪಟೂರಿನ ಮೆಡಿಕಲ್ ಶಾಪು ಬಿ.ಎಚ್. ರಸ್ತೆಯಲ್ಲಿದೆ, ಭದ್ರಾವತಿಯ ಬೇಕರಿ, ಶಿವಮೊಗ್ಗದ ಚಿನ್ನದಂಗಡಿ, ಕೊನೆಗೆ ಸಾಗರದ ಸೈಕಲ್ ಶಾಪು ಎಲ್ಲವೂ ಅದೇ ವಿಳಾಸದವು. ನಾಲ್ಕು ಜಿಲ್ಲೆ ತುಳಿದು, ತೆಂಗು ಮುಗಿದು ಅಡಿಕೆ ಶುರುವಾಗಿ, ಸೆಖೆ ಹೋಗಿ ತಂಗಾಳಿ ಬಂದರೂ ಕಿಟಕಿ ಪಕ್ಕ ಕೂತು ಬೋರ್ಡು ಓದುವ ದೊಡ್ಡಮ್ಮನಿಗೆ ಸಂಶಯ ಹೋಗುವುದಿಲ್ಲ. "ಇದೇನೋ, ಬೆಳಿಗ್ಗೆಯಿಂದ ಒಂದೇ ಬೀದೀಲಿ ಓಡಾಡ್ತಾ ಇದೀವಲ್ಲೋ!"

ಸಾಗರ ತಲುಪಿದ ಮೇಲೆ ಯೋಜನೆಗೆ ಕವಲೊಡೆಯುತ್ತದೆ. ದೊಡ್ಡಮ್ಮನಿಗೆ ವರದಹಳ್ಳಿಯ ಶ್ರೀಧರಾಶ್ರಮ ಆಗಬೇಕು. ನನಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಜಗಲಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಕೆಳದಿಯ ನಾಯಕರು ಅಷ್ಟು ದೊಡ್ಡ ಕಲ್ಲುಗಳನ್ನು ಎತ್ತಿಸಿ ನಿಲ್ಲಿಸಿದ್ದು ಸುಮ್ಮನೆ ಕೂರುವವರಿಗಾಗಿಯೇ ಎಂದು ನನ್ನ ನಂಬಿಕೆ. ಅಕ್ಕನ ಮಗನಿಗೆ ಇವೆರಡೂ ಬೇಡ. ಅವನು ಹಿನ್ನೀರಿನ ಮೇಲೆ ಕಟ್ಟಿದ ಸೇತುವೆಯ ವಿಡಿಯೊ ನೋಡಿದ್ದಾನೆ, ಸೇತುವೆ ಬೇಕು. ಹೆಗ್ಗೋಡಿನ ನೀನಾಸಂಗೂ ಹೋಗಿಬರೋಣವೆಂದು ನಾನು ಮೆಲ್ಲಗೆ ತೇಲಿಬಿಟ್ಟದ್ದು ಹಾಗೆಯೇ ತೇಲಿಹೋಯಿತು.

ಯಾವ ತಿಂಗಳಲ್ಲಿ ಹೋಗುವುದು ಎಂಬುದು ಇದಕ್ಕಿಂತ ದೊಡ್ಡ ತಕರಾರು. ಈ ನೀರು ಹೊಳೆಯೂ ಅಲ್ಲ, ಕೆರೆಯೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ಮೇಲೆ ಶರಾವತಿ ಹಿಂದಕ್ಕೆ ಸರಿದು, ಕಣಿವೆ ಕಣಿವೆಗೂ ನುಗ್ಗಿ ಕೂತದ್ದು. ಪೂರ್ಣ ಮಟ್ಟ 1819 ಅಡಿ. ಆಗಸ್ಟ್ ತಿಂಗಳಿನಲ್ಲಿ ಸಾಗರದ ಕಡೆಯವರು ಪತ್ರಿಕೆಯಲ್ಲಿ ಈ ಅಂಕಿಯ ಹತ್ತಿರ ಎಷ್ಟು ಬಂದಿದೆ ಎಂಬುದನ್ನು ಅಡಿಕೆ ಧಾರಣೆ ಓದುವ ಶ್ರದ್ಧೆಯಲ್ಲೇ ಓದುತ್ತಾರೆ. ಮಳೆಗಾಲದಲ್ಲಿ ಹೋದರೆ ನೀರು ತುಂಬಿರುತ್ತದೆ, ಗುಡ್ಡಗಳು ತಲೆಯಷ್ಟೇ ಹೊರಗಿಟ್ಟಿರುತ್ತವೆ, ಮೋಡ ಸರಿದರೆ ಕೊಡಚಾದ್ರಿಯೂ ಕಾಣಬಹುದು. ಆದರೆ ಮೋಡ ಸರಿಯುವುದಿಲ್ಲ. ಮೇಲೆ ಮಳೆ, ಕೆಳಗೆ ಉಂಬಳ. ಅಕ್ಕ ಕಾರಿನಿಂದ ಇಳಿಯುವುದೇ ಇಲ್ಲ. ಸಂಕ್ರಾಂತಿಗೆ ಹೋದರೆ ಜಾತ್ರೆ. ದೇವಿ ಕಾಣುವ ಮೊದಲು ಜನ ಕಾಣುತ್ತಾರೆ, ದೇವಿ ಕಂಡ ಮೇಲೂ ಜನರೇ ಕಾಣುತ್ತಾರೆ.

ಬೇಸಿಗೆಯಲ್ಲಿ ಹೋದರೆ ಬೇರೆಯೇ ಊರು. ನೀರು ಇಳಿದು ಕೆಂಪು ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ಬಿದ್ದಿರುತ್ತದೆ. ಅರುವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಕರಿ ಬೊಡ್ಡೆಗಳು ಅಲ್ಲಲ್ಲಿ ಎದ್ದು ನಿಂತಿರುತ್ತವೆ. ನೀರು ತೀರ ತಳ ಕಂಡ ವರ್ಷ ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೂ ಮೇಲೇಳುತ್ತದೆ. ಮಡೆನೂರು ಡ್ಯಾಮ್ ಎಂದರೆ ಜನಕ್ಕೆ ಬೇಗ ತಿಳಿಯುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದು, ಗಣೇಶ ಅಯ್ಯರ್ ಎಂಬ ಇಂಜಿನಿಯರು ರೂಪಿಸಿದ ಸೈಫನ್‌ಗಳು ಇನ್ನೂ ಅದರ ಮೈಮೇಲಿವೆ. ತಾನಾಗಿ ಹೆಚ್ಚುವರಿ ನೀರನ್ನು ಹೀರಿ ಹೊರಹಾಕುವಷ್ಟು ಜಾಣತನ ಅದಕ್ಕಿತ್ತು. ಕೆಳಗೊಂದು ದೊಡ್ಡ ಅಣೆಕಟ್ಟೆ ಬಂದು ತನ್ನನ್ನೇ ಮುಳುಗಿಸುವುದನ್ನು ತಡೆಯುವ ಜಾಣತನ ಯಾವ ಸೈಫನ್ನಿಗೂ ಇರಲಿಲ್ಲ. ಊರು ಮುಳುಗಿಸಿದ ಅಣೆಕಟ್ಟೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ, ಅಣೆಕಟ್ಟೆಯೇ ಮುಳುಗಡೆ ಸಂತ್ರಸ್ತವಾದದ್ದು ಇಲ್ಲಿ.

ಇಷ್ಟು ನೀರನ್ನು ಇಲ್ಲಿ ಹಿಡಿದು ಕೂರಿಸಿದ್ದರಿಂದಲೇ ಅತ್ತ ಜೋಗದಲ್ಲಿ 253 ಮೀಟರ್ ಧುಮುಕಬೇಕಾದ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ವರ್ಷದ ಬಹುಪಾಲು ಬಡಕಲಾಗಿರುತ್ತಾರೆ. ಜೋಗ ನೋಡಿ "ಅಯ್ಯೋ, ಇಷ್ಟೇನಾ" ಎಂದವರಿಗೆ ನಾನು ಹೇಳುವುದಿದೆ: ಉಳಿದದ್ದು ಸಿಗಂದೂರಿನ ದಾರಿಯಲ್ಲಿದೆ, ಹೋಗಿ ನೋಡಿ.

ಹಿಂದೆಲ್ಲ ಈ ಯೋಜನೆಯ ಹೃದಯ ಲಾಂಚು. ಈಚೆ ಅಂಬಾರಗೋಡ್ಲಿನ ಹೊಳೆಬಾಗಿಲು, ಆಚೆ ಕಳಸವಳ್ಳಿ. ಚಪ್ಪಟೆ ಕಬ್ಬಿಣದ ಹಾಸು, ಎರಡೂ ಬದಿ ಬಾಯಿ ತೆರೆದದ್ದು, ಪಕ್ಕದಲ್ಲೊಂದು ಪುಟ್ಟ ಗೂಡು. ಅದರ ಮೇಲೆ ಒಂದು ಬಸ್ಸು, ಸಂದಿಯಲ್ಲಿ ಕಾರುಗಳು, ಕಾರಿನ ಸಂದಿಯಲ್ಲಿ ಬೈಕುಗಳು, ಬೈಕಿನ ಸಂದಿಯಲ್ಲಿ ಜನ, ಜನರ ಕಂಕುಳಲ್ಲಿ ಚೀಲ. ಲಾಂಚಿಗೆ ಕಾರು ಹತ್ತಿಸುವುದೆಂದರೆ ಒಂದು ಸಾರ್ವಜನಿಕ ಪರೀಕ್ಷೆ. ಪಂಚೆ ಎತ್ತಿ ಕಟ್ಟಿದ ಒಬ್ಬರು ಮುಂದೆ ನಿಂತು "ಬರ್ಲಿ, ಬರ್ಲಿ, ಬಲಕ್ಕೆ ಒಡೀರಿ, ಸಾಕು, ಸಾಕು ಅಂದ್ನಲ್ಲ ಮಾರಾಯ್ರೆ" ಎನ್ನುತ್ತಿರುತ್ತಾರೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದ ಅಹಂಕಾರ ಅಲ್ಲಿ ಹದಿನೈದು ಅಂಗುಲದೊಳಗೆ ಇಳಿಯುತ್ತದೆ. ಹತ್ತಿದ ಮೇಲೆ ಬಾಗಿಲು ತೆಗೆಯಲು ಜಾಗವಿರುವುದಿಲ್ಲ. ಒಳಗಿರುವವರು ಒಳಗೆ, ಹೊರಗಿರುವವರು ಹೊರಗೆ. ದೊಡ್ಡಮ್ಮ ಪ್ರತಿ ಸಲವೂ ಮುಂಚೆಯೇ ಇಳಿದು ನಿಲ್ಲುವವರು. ಮುಳುಗಿದರೆ ಕಾರಿನೊಳಗೆ ಸಿಕ್ಕಿಕೊಳ್ಳಬಾರದು ಎಂಬುದು ಅವರ ಲೆಕ್ಕ. ಅವರಿಗೆ ಈಜು ಬರುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಸೇರಿಲ್ಲ.

ದಾಟುವುದಕ್ಕೆ ಕಾಲು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತಿತ್ತು. ಕಾಯುವುದಕ್ಕೆ ಇಂತಿಷ್ಟೆಂದು ಇರಲಿಲ್ಲ. ರಜಾ ದಿನವಾದರೆ ಕಾರಿನ ಸಾಲು ತಿರುವು ದಾಟಿ ಕಾಡಿನೊಳಕ್ಕೆ ಹೋಗಿರುತ್ತಿತ್ತು. ಉಪ್ಪು ಖಾರ ಸವರಿದ ಅನಾನಸ್ ತಿನ್ನುವುದು, ಮಜ್ಜಿಗೆ ಕುಡಿಯುವುದು, ಮುಂದಿನ ಕಾರಿನವರ ಊರು ಕೇಳುವುದು, ಅವರ ಊರಿನಲ್ಲಿ ನಮಗೆ ಗೊತ್ತಿರುವ ಏಕೈಕ ಮನುಷ್ಯ ಅವರಿಗೂ ಗೊತ್ತೇ ಎಂದು ವಿಚಾರಿಸುವುದು. ಹಾಗೆ ಕಾಯುತ್ತ ಕಾಯುತ್ತ ಎರಡು ಕಾರಿನವರ ನಡುವೆ ಜಾತಕ ಕೈ ಬದಲಾಯಿಸಿದ್ದೂ ಉಂಟೆಂದು ದೊಡ್ಡಮ್ಮ ಹೇಳುತ್ತಾರೆ. ದೊಡ್ಡಮ್ಮನ ಮಾತಿನಲ್ಲಿ ಜಾತಕಗಳು ಸ್ವಲ್ಪ ಹೆಚ್ಚೇ ಓಡಾಡುತ್ತವೆ.

ನೀರಿನ ದಡದಲ್ಲಿ ಕಾಯುವುದು ರಾಮಾಯಣದಿಂದ ಬಂದ ಪರಂಪರೆ. ಸೇತುವೆ ಕಟ್ಟಿ ದ್ವೀಪಕ್ಕೆ ಹೋದವರಲ್ಲಿ ಮೊದಲಿಗ ರಾಮ. ಅವನೂ ದರ್ಭೆ ಹಾಸಿಕೊಂಡು ಮೂರು ರಾತ್ರಿ ಸಮುದ್ರರಾಜನಿಗಾಗಿ ಕಾದು, ಅವನು ಬಾರದಿದ್ದಾಗ ರೇಗಿ ಬಿಲ್ಲು ಎತ್ತಿದ. ಹೊಳೆಬಾಗಿಲಿನಲ್ಲಿ ಮೂರು ಲಾಂಚು ತಪ್ಪಿಸಿಕೊಂಡವರೂ ರೇಗುತ್ತಿದ್ದರು. ಕೈಯಲ್ಲಿದ್ದದ್ದು ಹಾರನ್ ಮಾತ್ರ. ಎಷ್ಟು ಬಾರಿಸಿದರೂ ಶರಾವತಿ ಕೈಮುಗಿದು ಎದ್ದು ಬಂದದ್ದನ್ನು ಕಂಡವರಿಲ್ಲ. ಇಡೀ ರಾಮಾಯಣದಲ್ಲಿ ಪ್ರವಾಸದ ಯೋಜನೆ ಹಾಕದೆ ಸೀದಾ ಹೋಗಿ ಬಂದವನೆಂದರೆ ಹನುಮಂತ. ಅವನಿಗೆ ಕುಟುಂಬ ಇರಲಿಲ್ಲ.

ಕಾಯುವಿಕೆಯ ಈ ಸೊಗಸೆಲ್ಲ ನಮ್ಮಂಥವರದು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಸಂಜೆಯ ಕೊನೇ ಲಾಂಚು ಹೋಯಿತೆಂದರೆ ನಮಗೆ ಅದೊಂದು ಕಥೆ. ಆಚೆ ದಡದಲ್ಲಿ ರಾತ್ರಿ ಹೆರಿಗೆ ನೋವು ಬಂದವಳಿಗೆ, ಎದೆ ಹಿಡಿದುಕೊಂಡ ಮುದುಕನಿಗೆ ಅದು ಕಥೆಯಾಗಿರಲಿಲ್ಲ. ನಿಟ್ಟೂರು, ಹೊಸನಗರದ ಮೇಲೆ ಕಾಡುದಾರಿಯಲ್ಲಿ ಸುತ್ತಿ ಸಾಗರ ಮುಟ್ಟಬೇಕು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಸಾಗರದ ಗೆಳೆಯರೊಬ್ಬರ ನೆಂಟರು ಆ ಕಡೆಯವರು. ಮುಹೂರ್ತ ಇಡುವಾಗ ಪುರೋಹಿತರು ಪಂಚಾಂಗ ನೋಡಿದ ಮೇಲೆ ಮನೆಯವರು ಲಾಂಚಿನ ವೇಳೆ ನೋಡುತ್ತಿದ್ದರಂತೆ. ಎರಡೂ ಕೂಡಿ ಬಂದರೆ ಮಾತ್ರ ಅದು ಶುಭಲಗ್ನ. ಅವರು ನಗುತ್ತಲೇ ಹೇಳಿದ್ದು ನಿಜ. ಅರುವತ್ತು ವರ್ಷ ಆದ ಮೇಲೆ ಎಂಥದಕ್ಕೂ ನಗುವುದು ರೂಢಿಯಾಗುತ್ತದೆ.

ನೂರಕ್ಕೂ ಮಿಕ್ಕಿ ಹಳ್ಳಿಗಳು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಈ ನೀರಿನಡಿ ಹೋದವು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿನ ಮಿಕ್ಸಿಗಳನ್ನು ತಿರುಗಿಸಿತು; ಮುಳುಗಿ ಎದ್ದವರ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯಿತು. ಇದನ್ನೆಲ್ಲ ಕಣ್ಣಾರೆ ಕಂಡು ಬರೆದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಮುಳುಗಿದವರ ಪರವಾಗಿ ಕಾದಂಬರಿ ಬರೆದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲ ಬಂತು. ಡಿಸೋಜರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಸೇತುವೆ ತೆರೆದದ್ದು ಅದೇ ವರ್ಷದ ಜುಲೈ 14ರಂದು. ಅದರ ಮೇಲೆ ಅವರನ್ನು ನಿಧಾನವಾಗಿ ಒಂದು ಸಲ ಕರೆದುಕೊಂಡು ಹೋಗಿ, ಏನನ್ನುತ್ತಾರೆ ಎಂದು ಕೇಳಬಹುದಿತ್ತು.

ಸೇತುವೆಯ ಉದ್ದ 2.44 ಕಿಲೋಮೀಟರ್, ಖರ್ಚು ನಾನೂರು ಕೋಟಿಗೂ ಮೇಲೆ. ನಡುವಿನ ಭಾಗವನ್ನು ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಕೇಬಲ್ಲುಗಳು ಎತ್ತಿ ಹಿಡಿದಿವೆ. ದೂರದಿಂದ ನೋಡಿದರೆ ಯಾರೋ ನೀರಿನ ಮೇಲೆ ಸಾಲಾಗಿ ವೀಣೆ ನಿಲ್ಲಿಸಿದ ಹಾಗೆ. ಇದಕ್ಕಾಗಿ ಜನ ಎಷ್ಟು ಅರ್ಜಿ ಕೊಟ್ಟರು, ಎಷ್ಟು ಪಾದಯಾತ್ರೆ ಮಾಡಿದರು ಎಂಬುದು ತುಮರಿಯ ಯಾವ ಹೋಟೆಲಿನಲ್ಲಿ ಕೂತರೂ ಕೇಳಲು ಸಿಗುತ್ತದೆ. ಒಂದು ಚಹಾ ಸಾಲುವುದಿಲ್ಲ. ಹಿಂದೆ ಅರ್ಧ ದಿನ ನುಂಗುತ್ತಿದ್ದ ನೀರನ್ನು ಈಗ ಕಾರು ಮೂರು ನಾಲ್ಕು ನಿಮಿಷದಲ್ಲಿ ದಾಟುತ್ತದೆ. ದಾಟಬೇಕು. ಆದರೆ ಮಧ್ಯದಲ್ಲಿ ನಿಲ್ಲಿಸಿ ಸೆಲ್ಫಿ ತೆಗೆಯುವವರು ಬಿಟ್ಟರೆ ತಾನೆ. ಮೊದಲು ನೀರು ದಾಟಲಾಗದೆ ಕಾಯುತ್ತಿದ್ದೆವು, ಈಗ ಯಾರದೋ ಗಂಡ ಹೆಂಡತಿಯ ಕೂದಲು ಗಾಳಿಗೆ ಸರಿಯಾಗಿ ಹಾರುವವರೆಗೆ ಕಾಯುತ್ತೇವೆ.

"ಲಾಂಚಿನ ಮಜಾ ಹೋಯ್ತು" ಎಂದು ನಾನು ಗೆಳೆಯರಿಗೆ ಫೋನಿನಲ್ಲಿ ಹೇಳಿದೆ. "ನಿಮಗೆ ಹೋಯ್ತು," ಎಂದರು. ಇದಕ್ಕೆ ಮರುಮಾತು ನನ್ನಲ್ಲಿರಲಿಲ್ಲ. ದಾರಿ ದುರ್ಗಮವಾಗಿರಬೇಕು ಎಂದು ಬಯಸುವವನು ಆ ದಾರಿಯಲ್ಲಿ ದಿನಾ ಹಾಲು ಹೊರುವವನಾಗಿರುವುದಿಲ್ಲ. ಅಷ್ಟಾದರೂ ಲಾಂಚು ಎಂದರೆ ನನ್ನ ಜೀವ ಎಳೆಯುವುದನ್ನು ಬಿಟ್ಟಿಲ್ಲ, ಏನು ಮಾಡಲಿ.

ಸಿಗಂದೂರಿನ ಮಾತು ಇಷ್ಟು ದೂರ ಬಂದರೂ ದೇವಿಯ ಮಾತು ಬರಲಿಲ್ಲವೆಂದು ದೊಡ್ಡಮ್ಮ ಸಿಟ್ಟಾಗುವ ಮೊದಲು ಅದನ್ನೂ ಹೇಳಿಬಿಡುತ್ತೇನೆ. ಚೌಡೇಶ್ವರಿ ಕಳ್ಳರ ವಿಚಾರದಲ್ಲಿ ಬಲು ನಿಷ್ಠುರ ಎಂದು ಪ್ರತೀತಿ. ಹಾಗಾಗಿ ಮಲೆನಾಡಿನ ಅಡಿಕೆ ತೋಟ, ಕಟ್ಟುತ್ತಿರುವ ಮನೆ, ಬೇಲಿಯಿಲ್ಲದ ಗದ್ದೆ ಎಲ್ಲದರ ಮುಂದೆ ಒಂದು ಬೋರ್ಡು: ಇದಕ್ಕೆ ಶ್ರೀ ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಈಗ ಈ ಬೋರ್ಡು ಬೆಂಗಳೂರಿನ ಖಾಲಿ ಸೈಟುಗಳಿಗೂ ಬಂದಿದೆ. ಭಾವ ತಮ್ಮ ಸೈಟಿಗೆ ಮೊದಲು ಸಿ.ಸಿ. ಕ್ಯಾಮೆರಾ ಹಾಕಿಸಿದ್ದರು, ಕ್ಯಾಮೆರಾವನ್ನೇ ಕದ್ದೊಯ್ದರು. ಆಮೇಲೆ ಅಕ್ಕ ಬೋರ್ಡು ಹಾಕಿಸಿದಳು. ಬೋರ್ಡು ಇನ್ನೂ ಇದೆ, ಸೈಟೂ ಇದೆ. ವಿಚಾರವಾದಿಯಾದ ಭಾವ ಇದನ್ನು ಕಾಕತಾಳೀಯ ಎನ್ನುತ್ತಾರೆ. ಎನ್ನುವಾಗ ದನಿ ಮಾತ್ರ ಸ್ವಲ್ಪ ತಗ್ಗಿಸುತ್ತಾರೆ.

ಹೀಗೆಲ್ಲ ಚರ್ಚೆಯಾಗಿ ಕಡೆಗೆ ಆಗಿರುವ ತೀರ್ಮಾನ ಇಷ್ಟು. ದಸರಾ ಮುಗಿದ ಮೇಲೆ ಹೊರಡುವುದು. ನೀರೂ ಇರುತ್ತದೆ, ಉಂಬಳವೂ ಕಡಿಮೆಯಾಗಿರುತ್ತದೆ. ಹೋಗುವಾಗ ಅಕ್ಕನ ಮಗನ ಆಸೆಯಂತೆ ಸೇತುವೆ. ಆಚೆ ದಡದಲ್ಲಿ ದೊಡ್ಡಮ್ಮನ ಹರಕೆ, ನನಗಾಗಿ ತುಮರಿಯಲ್ಲಿ ಒಂದು ನಿಲುಗಡೆ. ಮಕ್ಕಳಿಗೆ ನಾಟಕ ಕಟ್ಟಿಕೊಂಡು ಊರೂರು ತಿರುಗುವ ಕಿನ್ನರ ಮೇಳ ಅಂಥ ಮೂಲೆಯಲ್ಲಿ ಹೇಗೆ ಹುಟ್ಟಿತು ಎಂದು ನೋಡುವ ಕುತೂಹಲ ನನಗೆ ಬಹಳ ದಿನದ್ದು. ಅಲ್ಲಿಂದ ನಾಗೋಡಿ ಘಾಟಿ ಇಳಿದು ಕೊಲ್ಲೂರಿಗೆ ಹೋಗೋಣವೆಂದು ಅಕ್ಕ ಅಂದಳು. ಭಾವ ಬೇಡವೆಂದರು. ದೊಡ್ಡಮ್ಮ ಒಂದೇ ಪಟ್ಟು ಹಿಡಿದರು, ಲಾಂಚು ಹತ್ತದೆ ಬಂದರೆ ಅದು ಸಿಗಂದೂರಿಗೆ ಹೋದ ಹಾಗಲ್ಲವಂತೆ. ನಾನು ಸುಮ್ಮನಿದ್ದೆ, ನನ್ನ ಮಾತನ್ನು ಅವರೇ ಆಡುತ್ತಿದ್ದರಲ್ಲ.

ಹಿನ್ನೀರಿನಲ್ಲಿ ಇನ್ನೂ ಎರಡು ಕಡೆ ಲಾಂಚಿನ ದಾರಿಯಿದೆ: ಒಂದು ಹಸಿರುಮಕ್ಕಿ, ಇನ್ನೊಂದು ಮುಪ್ಪಾನೆ. ಮುಪ್ಪಾನೆಗೆ ದಾಟಿದರೆ ಕಾಡೊಳಗಿನ ದಾರಿಯಲ್ಲಿ ಕಾರ್ಗಲ್, ಅಲ್ಲಿಂದ ಜೋಗ. ಯೋಜನೆಗೆ ಒಳ್ಳೆಯ ಸುತ್ತು ಸಿಕ್ಕಿತೆಂದು ಭಾವನಿಗೂ ಹುರುಪು ಬಂದು, ಸಾಗರದ ಗೆಳೆಯರಿಗೆ ಅವರೇ ಫೋನು ಹಚ್ಚಿದರು. ಸ್ಪೀಕರಿಗೆ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಮುಪ್ಪಾನೆ ಲಾಂಚು ಎಷ್ಟು ಗಂಟೆಗೆ ಸಾರ್?"

"ಆಚೆಯಿಂದ ಬಂದ ಕೂಡ್ಲೆ ಹೊರಡ್ತದೆ."

"ಆಚೆಯಿಂದ ಎಷ್ಟು ಗಂಟೆಗೆ ಬರುತ್ತೆ?"

"ಈಚೆಯಿಂದ ಹೋದದ್ದು ಬರ್ಬೇಕಲ್ಲ ಮಾರಾಯ್ರೆ. ನೀವು ಬರೋ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ. ನೀರು, ಗಾಳಿ, ಕಾರು ಹತ್ತಿಸ್ತಾರೋ ಇಲ್ವೋ ಎಲ್ಲ ಕೇಳಿ ಹೇಳ್ತೆ."

ಭಾವ ಲ್ಯಾಪ್‌ಟಾಪಿನ ಮುಂದೆ ಬಹಳ ಹೊತ್ತು ಕೂತಿದ್ದರು. ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋಗಿ, ಚಕ್ಕುಲಿ ಹಿಟ್ಟಿಗೆ ಎಷ್ಟು ಸೇರು ಅಕ್ಕಿ ಬೀಸಿಸಬೇಕೆಂದು ಅಕ್ಕನ ಹತ್ತಿರ ಲೆಕ್ಕ ಹಾಕತೊಡಗಿದರು: ಲಾಂಚು ಒಂದು ಗಂಟೆ ತಡವಾದರೆ ಎಷ್ಟು, ಎರಡು ಗಂಟೆಯಾದರೆ ಎಷ್ಟು, ಮುಂದಿನ ಕಾರಿನವರಿಗೂ ಕೊಡಬೇಕಾಗಿ ಬಂದರೆ ಎಷ್ಟು.